ಎರಡು ನಗರಗಳ ನಡುವಿನ ಆಕಾಶದಾರಿ: ದೂರವೆಷ್ಟು? ಕಾಲವೆಷ್ಟು?

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ. ಹಾಗಿದ್ದರೆ ಹೆಲಿಕಾಪ್ಟರೊಂದು ಬೆಂಗಳೂರಿನ ಮೇಲೆ ಆಕಾಶದಲ್ಲಿ ಸುಮ್ಮನೆ ನಿಂತುಬಿಟ್ಟರೆ, ಎರಡೂವರೆ ಗಂಟೆಯೊಳಗೆ ಆಫ್ರಿಕ ಅದರ ಕೆಳಗೆ ಬರಬೇಕಲ್ಲವೇ? ಇಂಧನ ಸುಟ್ಟು ಅಲ್ಲಿಯವರೆಗೆ ಹಾರುವುದೇಕೆ?

ಈ ಪ್ರಶ್ನೆಯನ್ನು ತರಗತಿಯಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ನೀವು ಶಿಕ್ಷಕರಾಗಿದ್ದರೆ ನಿಮಗೂ ಇದು ಎದುರಾಗಿರುತ್ತದೆ. ಇದಕ್ಕೆ ಅಂಟಿಕೊಂಡಂತೆ ಇನ್ನೊಂದು ಪ್ರಶ್ನೆಯೂ ಇದೆ. ಏಷ್ಯದಿಂದ ಪೆಸಿಫಿಕ್ ಸಾಗರ ದಾಟಿ ಪೂರ್ವಕ್ಕೆ ಹಾರುವ ವಿಮಾನ ಬೇಗ ತಲುಪುತ್ತದೆ; ಅದೇ ದಾರಿಯಲ್ಲಿ ಪಶ್ಚಿಮಕ್ಕೆ ಹಿಂದಿರುಗುವಾಗ ಹೆಚ್ಚು ಹೊತ್ತು ಬೇಕಾಗುತ್ತದೆ. ಏಕೆ? 'ಭೂಮಿ ತಿರುಗುವುದರಿಂದ' ಎಂದು ಹಲವರು ಥಟ್ಟನೆ ಉತ್ತರಿಸಿಬಿಡುತ್ತಾರೆ. ಆದರೆ ಸ್ವಲ್ಪ ಯೋಚಿಸಿ. ಮೊದಲ ಪ್ರಶ್ನೆಯ ತರ್ಕ ಸರಿಯಾಗಿದ್ದರೆ ಪಶ್ಚಿಮಕ್ಕೆ ಹೋಗುವ ವಿಮಾನವೇ ಬೇಗ ತಲುಪಬೇಕಿತ್ತು, ಏಕೆಂದರೆ ಊರೇ ಅದರ ಎದುರಿಗೆ ಬರುತ್ತಿರುತ್ತದೆ. ವಾಸ್ತವ ಇದಕ್ಕೆ ತದ್ವಿರುದ್ಧ. ಅಂದರೆ ಒಂದೇ ಕಾರಣವನ್ನು ಎರಡು ವಿರುದ್ಧ ಫಲಿತಾಂಶಗಳಿಗೆ ಕೊಡುತ್ತಿದ್ದೇವೆ. ಇಂತಹ ಉತ್ತರ ವಿಜ್ಞಾನದಲ್ಲಿ ಸಲ್ಲದು.

ಸರಿಯಾದ ಉತ್ತರ ಕಂಡುಕೊಳ್ಳಲು ನಿಜವಾದ ಎರಡು ನಗರಗಳನ್ನು ತೆಗೆದುಕೊಂಡು ಲೆಕ್ಕ ಮಾಡೋಣ. ಬೆಂಗಳೂರು ಮತ್ತು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಇದಕ್ಕೆ ಒಳ್ಳೆಯ ಜೋಡಿ. ಎರಡೂ ಭೂಗೋಳದ ಬಹುಮಟ್ಟಿಗೆ ಎದುರು-ಬದುರು ರೇಖಾಂಶಗಳಲ್ಲಿವೆ. 2021ರ ಜನವರಿಯಲ್ಲಿ ಇವೆರಡರ ನಡುವೆ ಏರ್ ಇಂಡಿಯಾ ನಿಲುಗಡೆಯಿಲ್ಲದ ನೇರ ಹಾರಾಟವನ್ನು ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಆ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಉತ್ತರ ಧ್ರುವದ ಮಾರ್ಗವಾಗಿ ಬೆಂಗಳೂರಿಗೆ ಬಂದಿಳಿಯಿತು. ಅಮೆರಿಕದಿಂದ ಭಾರತಕ್ಕೆ ಬರಲು ಧ್ರುವದ ಕಡೆಗೆ ಹೋಗಬೇಕೇ? ಭೂಪಟದ ಮುಂದೆ ನಿಂತವರಿಗೆ ಇದು ಸುತ್ತುದಾರಿಯಂತೆ ಕಾಣುತ್ತದೆ. ಭೂಗೋಳದ ಮುಂದೆ ನಿಂತವರಿಗೆ ಹಾಗೆ ಕಾಣುವುದಿಲ್ಲ.

ಮೊದಲು ಸುಲಭದ ಲೆಕ್ಕ

ಭೂಮಿಯನ್ನು ಗೋಳವೆಂದು ಭಾವಿಸಿ. ಅದರ ಸರಾಸರಿ ತ್ರಿಜ್ಯ 6,371 ಕಿ.ಮೀ. ಪರಿಧಿಯನ್ನು 360ರಿಂದ ಭಾಗಿಸಿದರೆ ಕೇಂದ್ರದಲ್ಲಿ ಒಂದು ಡಿಗ್ರಿ ಕೋನಕ್ಕೆ ಮೇಲ್ಮೈಯಲ್ಲಿ 111.2 ಕಿ.ಮೀ. ಬರುತ್ತದೆ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಸಾಕು.

ಬೆಂಗಳೂರಿನ ವಿಮಾನ ನಿಲ್ದಾಣವು 13.20° ಉತ್ತರ ಅಕ್ಷಾಂಶ, 77.71° ಪೂರ್ವ ರೇಖಾಂಶದಲ್ಲಿದೆ. ದೆಹಲಿಯದು 28.57° ಉತ್ತರ, 77.10° ಪೂರ್ವ. ರೇಖಾಂಶಗಳು ಹೆಚ್ಚುಕಡಿಮೆ ಒಂದೇ. ಆದ್ದರಿಂದ ಅಕ್ಷಾಂಶಗಳನ್ನು ಕಳೆದರಾಯಿತು: 15.37°. ಇದನ್ನು 111.2ರಿಂದ ಗುಣಿಸಿದರೆ ಸುಮಾರು 1,710 ಕಿ.ಮೀ. ಇದೇ ಬೆಂಗಳೂರು–ದೆಹಲಿ ಆಕಾಶಮಾರ್ಗದ ಕನಿಷ್ಠ ದೂರ. ಯಾವ ಯಂತ್ರವೂ ಬೇಡ, ಒಂದು ಅಟ್ಲಾಸ್ ಮತ್ತು ಪೆನ್ಸಿಲ್ ಸಾಕು.

ಎಲ್ಲ ನಗರಗಳೂ ಹೀಗೆ ಒಂದೇ ರೇಖಾಂಶದಲ್ಲಿ ಇರುವುದಿಲ್ಲವಷ್ಟೆ. ಆಗ ಏನು ಮಾಡಬೇಕು?

ಮಹಾವೃತ್ತ

ಗೋಳದ ಮೇಲ್ಮೈಯಲ್ಲಿರುವ ಎರಡು ಬಿಂದುಗಳು ಮತ್ತು ಗೋಳದ ಕೇಂದ್ರ, ಈ ಮೂರರ ಮೂಲಕ ಒಂದು ಸಮತಲವನ್ನು ಹಾಯಿಸಿ. ಕಿತ್ತಳೆಯನ್ನು ಸರಿಯಾಗಿ ಅರ್ಧ ಮಾಡಿದಂತೆ ಅದು ಗೋಳವನ್ನು ಎರಡು ಸಮಭಾಗ ಮಾಡುತ್ತದೆ. ಕತ್ತರಿಸಿದ ಅಂಚು ಒಂದು ವೃತ್ತ. ಇದಕ್ಕೆ ಮಹಾವೃತ್ತವೆಂದು ಹೆಸರು. ಎರಡು ಬಿಂದುಗಳ ನಡುವೆ ಮೇಲ್ಮೈಯಲ್ಲಿ ಸಾಗುವ ಅತಿ ಸಮೀಪದ ದಾರಿ ಈ ಮಹಾವೃತ್ತದ ಕಿರಿಯ ಕಂಸವೇ ಆಗಿರುತ್ತದೆ. ಎಲ್ಲ ರೇಖಾಂಶಗಳೂ ಮಹಾವೃತ್ತದ ಭಾಗಗಳು. ಅಕ್ಷಾಂಶಗಳಲ್ಲಿ ಸಮಭಾಜಕ ವೃತ್ತ ಮಾತ್ರ ಮಹಾವೃತ್ತ, ಉಳಿದವು ಕಿರುವೃತ್ತಗಳು.

ಆ ಕಂಸವು ಕೇಂದ್ರದಲ್ಲಿ ಉಂಟುಮಾಡುವ ಕೋನವನ್ನು ಕಂಡುಹಿಡಿಯಲು ಗೋಳೀಯ ತ್ರಿಕೋನಮಿತಿ ಒಂದು ಸೂತ್ರವನ್ನು ಕೊಡುತ್ತದೆ. ಎರಡು ಸ್ಥಳಗಳ ಅಕ್ಷಾಂಶಗಳು ಅ₁ ಮತ್ತು ಅ₂, ರೇಖಾಂಶಗಳ ವ್ಯತ್ಯಾಸ ರೇ, ಕೇಂದ್ರದಲ್ಲಿನ ಕೋನ ಕೋ ಆಗಿರಲಿ. ಆಗ

ಕೊಸೈನ್ ಕೋ = (ಸೈನ್ ಅ₁ × ಸೈನ್ ಅ₂) + (ಕೊಸೈನ್ ಅ₁ × ಕೊಸೈನ್ ಅ₂ × ಕೊಸೈನ್ ರೇ)

ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣವಿರುವುದು 37.62° ಉತ್ತರ, 122.38° ಪಶ್ಚಿಮದಲ್ಲಿ. ಒಂದು ಪೂರ್ವ ರೇಖಾಂಶ, ಇನ್ನೊಂದು ಪಶ್ಚಿಮ ರೇಖಾಂಶವಾದ್ದರಿಂದ ಅವನ್ನು ಕೂಡಬೇಕು: 200.09°. ಇದು 180°ಗಿಂತ ಹೆಚ್ಚಾದ್ದರಿಂದ 360°ಯಿಂದ ಕಳೆಯಿರಿ: 159.91°. ಇನ್ನು ಬೆಲೆಗಳನ್ನು ಹಾಕೋಣ.

ಮೊದಲ ಪದ: 0.2284 × 0.6104 = 0.1394
ಎರಡನೆಯ ಪದ: 0.9736 × 0.7921 × (–0.9392) = –0.7242
ಮೊತ್ತ: –0.5848

ಕೊಸೈನ್ ಬೆಲೆ –0.5848 ಆಗಿರುವ ಕೋನ 125.8°. ಇದನ್ನು 111.2ರಿಂದ ಗುಣಿಸಿದರೆ ಸುಮಾರು 13,990 ಕಿ.ಮೀ. ಭೂಮಿ ಪರಿಪೂರ್ಣ ಗೋಳವಲ್ಲ; ಸಮಭಾಜಕ ತ್ರಿಜ್ಯ 6,378 ಕಿ.ಮೀ., ಧ್ರುವ ತ್ರಿಜ್ಯ 6,357 ಕಿ.ಮೀ. ಆದ್ದರಿಂದ ಈ ಸೂತ್ರದ ಉತ್ತರದಲ್ಲಿ ಶೇಕಡ ಅರ್ಧದಷ್ಟು ದೋಷವಿರಬಹುದು. ನಮ್ಮ ಉದ್ದೇಶಕ್ಕೆ ಇಷ್ಟು ನಿಖರತೆ ಧಾರಾಳವಾಯಿತು.

ಭೂಪಟದ ಮೋಸ

ತರಗತಿಯ ಗೋಡೆಯ ಮೇಲಿರುವ ಪ್ರಪಂಚದ ಭೂಪಟ ಮರ್ಕೇಟರ್ ಮಾದರಿಯದಾಗಿದ್ದರೆ, ಅದರ ಮೇಲೆ ಬೆಂಗಳೂರಿನಿಂದ ಪೂರ್ವಕ್ಕೆ ಪೆಸಿಫಿಕ್ ದಾಟಿ ಸ್ಯಾನ್ ಫ್ರಾನ್ಸಿಸ್ಕೊದವರೆಗೆ ಅಳತೆಪಟ್ಟಿಯಿಟ್ಟು ಸರಳರೇಖೆ ಎಳೆದಿರೆನ್ನಿ. ಅದು ಕನಿಷ್ಠ ದೂರದ ದಾರಿಯಲ್ಲ. ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ತನ್ನ ನಕ್ಷೆಯನ್ನು ರಚಿಸಿದ್ದು ನಾವಿಕರಿಗಾಗಿ. ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಸಾಗುವ ಹಡಗಿನ ಪಥವು ಆ ನಕ್ಷೆಯಲ್ಲಿ ಸರಳರೇಖೆಯಾಗಿ ಕಾಣುತ್ತದೆ. ನಾವಿಕನಿಗೆ ಅದು ಅನುಕೂಲ. ಆದರೆ ಆ ಸರಳರೇಖೆಯ ನಿಜವಾದ ಉದ್ದ ನಮ್ಮ ಉದಾಹರಣೆಯಲ್ಲಿ ಸುಮಾರು 16,100 ಕಿ.ಮೀ. ಮಹಾವೃತ್ತದ ದಾರಿಗಿಂತ 2,100 ಕಿ.ಮೀ. ಹೆಚ್ಚು!

ಹಾಗಾದರೆ ಮಹಾವೃತ್ತದ ದಾರಿ ಎಲ್ಲಿ ಸಾಗುತ್ತದೆ? ಬೆಂಗಳೂರಿನಿಂದ ಅದು ಹೊರಡುವುದು ಪೂರ್ವಕ್ಕಲ್ಲ. ಉತ್ತರದಿಂದ ಕೇವಲ 20° ಪೂರ್ವಕ್ಕೆ ವಾಲಿದ ದಿಕ್ಕಿನಲ್ಲಿ. ನೇಪಾಳದ ಅನ್ನಪೂರ್ಣ ಶಿಖರಗಳ ಸಮೀಪ ಹಿಮಾಲಯವನ್ನು ದಾಟಿ, ಟಿಬೆಟ್, ಪಶ್ಚಿಮ ಮಂಗೋಲಿಯ, ಸೈಬೀರಿಯಗಳ ಮೇಲೆ ಹಾದು, ಸುಮಾರು 71° ಉತ್ತರ ಅಕ್ಷಾಂಶದಲ್ಲಿ ಪೂರ್ವ ಸೈಬೀರಿಯದ ಕರಾವಳಿಯಾಚೆ ಅತ್ಯಂತ ಉತ್ತರದ ಬಿಂದುವನ್ನು ಮುಟ್ಟುತ್ತದೆ. ಅಲ್ಲಿಂದ ಕೆಳಗಿಳಿದು ಅಲಾಸ್ಕ ಹಾಯ್ದು, ಪೆಸಿಫಿಕ್ ಸಾಗರದ ಮೇಲಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಸೇರುತ್ತದೆ.

ಸರಿಯಾಗಿ ಉತ್ತರ ಧ್ರುವದ ಮೇಲೆಯೇ ಹೋದರೆ ಎಷ್ಟು ದೂರ? ಇದು ಬಾಯಿಲೆಕ್ಕದಲ್ಲೇ ಬರುತ್ತದೆ. ಬೆಂಗಳೂರಿನಿಂದ ಧ್ರುವಕ್ಕೆ 90 – 13.20 = 76.80°. ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 90 – 37.62 = 52.38°. ಒಟ್ಟು 129.18°, ಅಂದರೆ ಸುಮಾರು 14,365 ಕಿ.ಮೀ. ಕನಿಷ್ಠ ದೂರಕ್ಕಿಂತ 375 ಕಿ.ಮೀ. ಮಾತ್ರ ಹೆಚ್ಚು. ಭೂಪಟದಲ್ಲಿ ಊಹಿಸಲೂ ಆಗದ ಧ್ರುವದ ದಾರಿ ನಿಜಕ್ಕೂ ಎಷ್ಟು ಹತ್ತಿರದ ದಾರಿ ನೋಡಿದಿರಾ?

ಇದನ್ನು ಮಕ್ಕಳಿಗೆ ತೋರಿಸಲು ಒಂದು ಭೂಗೋಳ ಮತ್ತು ಒಂದು ದಾರ ಸಾಕು. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರವು ತಾನಾಗಿಯೇ ಮಹಾವೃತ್ತದ ಮೇಲೆ ಜಾರಿ ನಿಲ್ಲುತ್ತದೆ. ಭೂಗೋಳದ ವ್ಯಾಸ 30 ಸೆಂ.ಮೀ. ಇದ್ದರೆ ಒಂದು ಸೆಂ.ಮೀ.ಗೆ 425 ಕಿ.ಮೀ. ದಾರದ ಉದ್ದ ಸುಮಾರು 33 ಸೆಂ.ಮೀ. ಬರಬೇಕು. ಅಳೆದು ನೋಡಿ.

ಗಡಿಯಾರದ ಲೆಕ್ಕ

ಇನ್ನು ಕಾಲದ ವಿಷಯ. ಆ ಮೊದಲ ಹಾರಾಟದ ನಿಗದಿತ ವೇಳಾಪಟ್ಟಿ ಹೀಗಿತ್ತು: ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಡುವುದು 2021ರ ಜನವರಿ 9ರ ರಾತ್ರಿ 8.30ಕ್ಕೆ, ಬೆಂಗಳೂರು ತಲುಪುವುದು ಜನವರಿ 11ರ ಬೆಳಗಿನ ಜಾವ 3.45ಕ್ಕೆ. ಎರಡೂ ಆಯಾ ಊರಿನ ವೇಳೆ. ಕ್ಯಾಲೆಂಡರ್ ಪ್ರಕಾರ ಇವುಗಳ ನಡುವೆ 31 ಗಂಟೆ 15 ನಿಮಿಷಗಳಿವೆ. ಪ್ರಯಾಣದ ಕಾಲ ಇಷ್ಟೇ?

ಭೂಮಿ 24 ಗಂಟೆಗಳಲ್ಲಿ 360° ತಿರುಗುತ್ತದೆ, ಗಂಟೆಗೆ 15°. ಭಾರತದ ಶಿಷ್ಟವೇಳೆ 82.5° ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿದೆ. 15ರಿಂದ ಭಾಗಿಸಿದರೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಕ್ಯಾಲಿಫೋರ್ನಿಯದ ಚಳಿಗಾಲದ ವೇಳೆ 120° ಪಶ್ಚಿಮ ರೇಖಾಂಶದ್ದು. ಎಂಟು ಗಂಟೆ ಹಿಂದೆ. ಒಟ್ಟು ವ್ಯತ್ಯಾಸ ಹದಿಮೂರೂವರೆ ಗಂಟೆ. 31 ಗಂಟೆ 15 ನಿಮಿಷದಿಂದ ಇದನ್ನು ಕಳೆದರೆ 17 ಗಂಟೆ 45 ನಿಮಿಷ. ಇದೇ ನಿಜವಾದ ಪ್ರಯಾಣ ಕಾಲ. ಬೇಸಿಗೆಯಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ವ್ಯತ್ಯಾಸ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ.

ಇದೇ ಲೆಕ್ಕವನ್ನು ತಿರುವುಮುರುವು ಮಾಡಿದರೆ ವಿನೋದವೆನಿಸುವ ಫಲ ಸಿಗುತ್ತದೆ. ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2 ಗಂಟೆಗೆ ಹೊರಟ ವಿಮಾನವು 16 ಗಂಟೆ ಹಾರಿದರೆ ಅಲ್ಲಿ ಇಳಿಯುವಾಗ ಅದೇ ದಿನ ಸಂಜೆ 4.30! ಪ್ರಯಾಣಿಕರ ಆಯುಷ್ಯದಲ್ಲಿ 16 ಗಂಟೆ ಕಳೆದಿರುತ್ತದೆ, ಕ್ಯಾಲೆಂಡರಿನಲ್ಲಿ ಎರಡೂವರೆ ಗಂಟೆ ಮಾತ್ರ. ಭೂಮಿಯ ತಿರುಗುವಿಕೆ ಗಡಿಯಾರದ ಮುಳ್ಳನ್ನು ಬದಲಿಸುತ್ತದೆ, ಹಾರಾಟದ ಅವಧಿಯನ್ನಲ್ಲ. ವಿದ್ಯಾರ್ಥಿಗಳ ಗೊಂದಲದ ಒಂದು ಮೂಲ ಇಲ್ಲಿದೆ.

13,990 ಕಿ.ಮೀ.ಗೆ 17 ಗಂಟೆ 45 ನಿಮಿಷವೆಂದರೆ ಸರಾಸರಿ ಗಂಟೆಗೆ 788 ಕಿ.ಮೀ. ಆ ಮಾರ್ಗದಲ್ಲಿ ಬಳಸಿದ ಬೋಯಿಂಗ್ 777-200 ಎಲ್‌ಆರ್ ವಿಮಾನದ ಜವ ಇಷ್ಟೇ ಏನು? ನೋಡೋಣ.

ವಿಮಾನದ ಜವ: ಯಾವುದಕ್ಕೆ ಸಾಪೇಕ್ಷವಾಗಿ?

ಈ ವಿಮಾನವು ಎತ್ತರದಲ್ಲಿ ಸಾಗುವುದು ಶಬ್ದದ ಜವದ ಸುಮಾರು 0.84ರಷ್ಟು ಜವದಲ್ಲಿ. ಶಬ್ದದ ಜವ ಉಷ್ಣತೆಯನ್ನು ಅವಲಂಬಿಸಿದೆ. 11 ಕಿ.ಮೀ. ಎತ್ತರದಲ್ಲಿ ಮಾದರಿ ವಾಯುಮಂಡಲದ ಉಷ್ಣತೆ –56.5° ಸೆಲ್ಸಿಯಸ್, ಅಲ್ಲಿ ಶಬ್ದದ ಜವ ಸೆಕೆಂಡಿಗೆ 295 ಮೀಟರ್, ಅಂದರೆ ಗಂಟೆಗೆ 1,062 ಕಿ.ಮೀ. ಇದರ 0.84 ಭಾಗ ಸುಮಾರು 890 ಕಿ.ಮೀ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಈ 890 ಕಿ.ಮೀ. ಎಂಬುದು ನೆಲಕ್ಕೆ ಸಾಪೇಕ್ಷವಾದ ಜವವಲ್ಲ, ಸುತ್ತಲಿನ ಗಾಳಿಗೆ ಸಾಪೇಕ್ಷವಾದದ್ದು. ರೆಕ್ಕೆಗಳಿಗೆ ಮೇಲೆತ್ತುವ ಬಲ ಕೊಡುವುದು ಗಾಳಿ, ಎಂಜಿನ್ ಹಿಂದಕ್ಕೆ ತಳ್ಳುವುದೂ ಗಾಳಿಯನ್ನೇ. ನೆಲ ಎಲ್ಲಿದೆ, ಹೇಗಿದೆ ಎಂಬುದು ವಿಮಾನದ ರೆಕ್ಕೆಗೆ ಗೊತ್ತಿಲ್ಲ. ಗಾಳಿಯೇ ಚಲಿಸುತ್ತಿದ್ದರೆ ಆ ವೇಗವನ್ನು ಸದಿಶವಾಗಿ ಕೂಡಬೇಕು. ಹೊಳೆಯಲ್ಲಿ ದೋಣಿ ನಡೆಸುವವನಿಗೆ ಇದು ಹೊಸ ವಿಷಯವೇನಲ್ಲ.

ಈಗ ಹೆಲಿಕಾಪ್ಟರಿನ ಪ್ರಶ್ನೆಗೆ ಉತ್ತರ ಸುಲಭ. ಸಮಭಾಜಕ ವೃತ್ತದಲ್ಲಿ ನೆಲವು ಗಂಟೆಗೆ ಸುಮಾರು 1,670 ಕಿ.ಮೀ. ಜವದಲ್ಲಿ ಪೂರ್ವಕ್ಕೆ ಸಾಗುತ್ತಿದೆ. 13°ಯ ಕೊಸೈನಿನಿಂದ ಗುಣಿಸಿದರೆ ಬೆಂಗಳೂರಿನ ಜವ ಸುಮಾರು 1,627 ಕಿ.ಮೀ. ನೆಲದ ಜೊತೆಗೆ ಅದರ ಮೇಲಿನ ವಾಯುಮಂಡಲವೂ, ನೆಲದ ಮೇಲೆ ನಿಂತ ಹೆಲಿಕಾಪ್ಟರೂ ಅದೇ ಜವದಲ್ಲಿ ಸಾಗುತ್ತಿವೆ. ಹೆಲಿಕಾಪ್ಟರ್ ಮೇಲೇರಿದಾಗ ಆ ಜವ ಎಲ್ಲಿಗೂ ಹೋಗುವುದಿಲ್ಲ. ಓಡುವ ರೈಲಿನಲ್ಲಿ ಮೇಲಕ್ಕೆ ಚಿಮ್ಮಿಸಿದ ನಾಣ್ಯ ನಿಮ್ಮ ಕೈಗೇ ಮರಳುತ್ತದೆ, ಹಿಂದಿನ ಸೀಟಿನವರ ಕೈಗಲ್ಲ. ವಾಯುಮಂಡಲ ಭೂಮಿಯೊಡನೆ ತಿರುಗದಿದ್ದರೆ ಬೆಂಗಳೂರಿನಲ್ಲಿ ಸದಾಕಾಲ ಗಂಟೆಗೆ 1,627 ಕಿ.ಮೀ. ಜವದ ಬಿರುಗಾಳಿ ಬೀಸುತ್ತಿತ್ತು!

ಗಾಳಿಯ ಗಣಿತ

ಗಾಳಿಯ ಪರಿಣಾಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ. ಪೂರ್ವ-ಪಶ್ಚಿಮವಾಗಿರುವ ಎರಡು ನಗರಗಳ ನಡುವೆ 7,200 ಕಿ.ಮೀ. ದೂರವಿದೆ. ವಿಮಾನದ ಜವ ಗಂಟೆಗೆ 900 ಕಿ.ಮೀ. ಪಶ್ಚಿಮದಿಂದ ಪೂರ್ವಕ್ಕೆ ಗಂಟೆಗೆ 100 ಕಿ.ಮೀ. ಗಾಳಿ ಬೀಸುತ್ತಿದೆ.

ಪೂರ್ವಕ್ಕೆ: 7,200 ÷ 1,000 = 7.2 ಗಂಟೆ
ಪಶ್ಚಿಮಕ್ಕೆ: 7,200 ÷ 800 = 9 ಗಂಟೆ
ಒಟ್ಟು: 16.2 ಗಂಟೆ

ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 16 ಗಂಟೆ ಸಾಕಿತ್ತು. ಹೋಗುವಾಗ ಗಳಿಸಿದ್ದು 48 ನಿಮಿಷ, ಬರುವಾಗ ಕಳೆದುಕೊಂಡದ್ದು ಒಂದು ಗಂಟೆ. ನಷ್ಟವೇ ಹೆಚ್ಚು! ಏಕೆಂದರೆ ಎದುರುಗಾಳಿಯಲ್ಲಿ ವಿಮಾನವು ಹೆಚ್ಚು ಹೊತ್ತು ಇರುತ್ತದೆ.

ಗಾಳಿ ಅಡ್ಡಲಾಗಿ ಬೀಸಿದರೂ ನಷ್ಟವಿದೆ. ಪಕ್ಕಕ್ಕೆ ತಳ್ಳಿಹೋಗದಂತೆ ವಿಮಾನವು ಮೂತಿಯನ್ನು ಸ್ವಲ್ಪ ಗಾಳಿಯ ಕಡೆಗೆ ತಿರುಗಿಸಿಕೊಂಡು ಹಾರಬೇಕು. ಆಗ ಪೈಥಾಗೊರಸ್ ಪ್ರಮೇಯದಂತೆ ಮುಂದಕ್ಕೆ ಉಳಿಯುವ ಜವ 900ರ ವರ್ಗದಿಂದ 100ರ ವರ್ಗವನ್ನು ಕಳೆದು ತೆಗೆದ ವರ್ಗಮೂಲ, ಸುಮಾರು 894 ಕಿ.ಮೀ. ನಷ್ಟ ಅಲ್ಪ. ಬೆಂಗಳೂರು–ದೆಹಲಿ ದಾರಿ ಉತ್ತರ-ದಕ್ಷಿಣವಾಗಿರುವುದರಿಂದ ಪಶ್ಚಿಮದ ಗಾಳಿ ಅದಕ್ಕೆ ಹೆಚ್ಚಾಗಿ ಅಡ್ಡಗಾಳಿಯೇ. ಹೋಗುವ, ಬರುವ ಕಾಲಗಳಲ್ಲಿ ದೊಡ್ಡ ವ್ಯತ್ಯಾಸ ಕಾಣದಿರುವುದಕ್ಕೆ ಇದೇ ಕಾರಣ.

ಭೌತವಿಜ್ಞಾನದ ವಿದ್ಯಾರ್ಥಿಗಳು ಈ ಎರಡು ಲೆಕ್ಕಗಳನ್ನು ಎಲ್ಲೋ ನೋಡಿದ್ದೇವೆ ಎಂದುಕೊಂಡರೆ ಅದು ಸರಿ. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ 'ಈಥರ್ ಗಾಳಿ'ಯನ್ನು ಹುಡುಕಲು ನಡೆಸಿದ ಪ್ರಯೋಗದ ಗಣಿತ ಇದೇ. ಗಾಳಿಯ ನೇರದಲ್ಲಿ ಹೋಗಿಬರುವ ಕಾಲಕ್ಕೂ ಅಡ್ಡಲಾಗಿ ಹೋಗಿಬರುವ ಕಾಲಕ್ಕೂ ವ್ಯತ್ಯಾಸವಿರಬೇಕಲ್ಲವೇ? ಬೆಳಕಿನ ಕಿರಣಗಳಲ್ಲಿ ಅವರು ಅದನ್ನು ಹುಡುಕಿದರು. ನಿರೀಕ್ಷಿಸಿದ ವ್ಯತ್ಯಾಸ ಸಿಗಲಿಲ್ಲ. ವಿಮಾನದ ಗಾಳಿ ನಿಜ. ಈಥರಿನ ಗಾಳಿ ಇರಲೇ ಇಲ್ಲ.

ಜೆಟ್ ಪ್ರವಾಹ

ವಿಮಾನಗಳು ಹಾರುವ ಎತ್ತರದಲ್ಲಿ ಮಧ್ಯ ಅಕ್ಷಾಂಶಗಳಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಕಿರಿದಾದ, ರಭಸದ ಗಾಳಿಯ ಹೊಳೆಗಳು ಹರಿಯುತ್ತವೆ. ಇವೇ ಜೆಟ್ ಪ್ರವಾಹಗಳು. ಗಂಟೆಗೆ 100ರಿಂದ 200 ಕಿ.ಮೀ. ಜವ ಸಾಮಾನ್ಯ. ಚಳಿಗಾಲದಲ್ಲಿ ಕೆಲವೆಡೆ 300 ಕಿ.ಮೀ. ಮೀರುವುದೂ ಉಂಟು. 1920ರ ದಶಕದಲ್ಲಿ ಜಪಾನಿನ ವಾಸಬುರೊ ಓಯಿಶಿ ಎಂಬ ಪವನವಿಜ್ಞಾನಿ ಬಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಜಗತ್ತಿಗೆಲ್ಲ ತಿಳಿಯಲೆಂದು ಅವರು ತಮ್ಮ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು; ಆ ಭಾಷೆ ಬಲ್ಲವರು ಕಡಿಮೆಯಾದ್ದರಿಂದ ಅದು ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳಿಗೆ ಈ ಗಾಳಿಯ ಅನುಭವವಾಯಿತು.

ಈ ಗಾಳಿ ಪೂರ್ವಾಭಿಮುಖವಾಗಿಯೇ ಹರಿಯುವುದೇಕೆ? ಇಲ್ಲಿಯೇ ಭೂಮಿಯ ತಿರುಗುವಿಕೆ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಸಮಭಾಜಕದ ಬಳಿ ಕಾದ ಗಾಳಿ ಮೇಲೇರಿ ಧ್ರುವದ ಕಡೆಗೆ ಸಾಗುತ್ತದೆ. ಹೊರಡುವಾಗ ಅದಕ್ಕೆ ನೆಲದಷ್ಟೇ ಪೂರ್ವಾಭಿಮುಖ ಜವವಿದೆ: ಸೆಕೆಂಡಿಗೆ 465 ಮೀಟರ್. ಉತ್ತರಕ್ಕೆ ಸಾಗಿದಂತೆ ಭೂ ಅಕ್ಷದಿಂದ ಅದರ ದೂರ ಕಡಿಮೆಯಾಗುತ್ತದೆ. ಕೋನೀಯ ಸಂವೇಗ ಸಂರಕ್ಷಿತವಾಗಬೇಕಾದರೆ ಜವ ಹೆಚ್ಚಲೇಬೇಕು. ತಿರುಗುವ ಸ್ಟೂಲಿನ ಮೇಲೆ ಕುಳಿತವರು ಚಾಚಿದ ಕೈಗಳನ್ನು ಮಡಿಚಿಕೊಂಡಾಗ ವೇಗವಾಗಿ ತಿರುಗುತ್ತಾರಲ್ಲ, ಹಾಗೆ. 30° ಅಕ್ಷಾಂಶದಲ್ಲಿ ಅಕ್ಷದಿಂದ ದೂರ 0.866 ಪಟ್ಟಾಗಿರುತ್ತದೆ. ಗಾಳಿಯ ಜವ 465 ÷ 0.866 = 537 ಮೀ. ಅಲ್ಲಿನ ನೆಲದ ಜವ 465 × 0.866 = 403 ಮೀ. ವ್ಯತ್ಯಾಸ ಸೆಕೆಂಡಿಗೆ 134 ಮೀ., ಅಂದರೆ ಗಂಟೆಗೆ 480 ಕಿ.ಮೀ.ಗೂ ಹೆಚ್ಚು! ಘರ್ಷಣೆ ಮತ್ತು ಸುಳಿಗಳು ಕೋನೀಯ ಸಂವೇಗವನ್ನು ಹಂಚಿಬಿಡುವುದರಿಂದ ನಿಜವಾದ ಗಾಳಿ ಇಷ್ಟು ಜೋರಾಗಿರುವುದಿಲ್ಲ. ಆದರೆ ದಿಕ್ಕು ಸರಿಯಾಗಿಯೇ ಇದೆ. ಉಷ್ಣ ಮತ್ತು ಶೀತ ಪ್ರದೇಶಗಳ ನಡುವಿನ ಒತ್ತಡ ವ್ಯತ್ಯಾಸ ಹಾಗೂ ಕೊರಿಯೋಲಿಸ್ ಪರಿಣಾಮ ಕೂಡಿ ಇನ್ನೂ ಉತ್ತರದ ಜೆಟ್ ಪ್ರವಾಹವನ್ನು ಉಂಟುಮಾಡುತ್ತವೆ.

ಎಲ್ಲ ಜೆಟ್ ಪ್ರವಾಹಗಳೂ ಪೂರ್ವಕ್ಕೇ ಹರಿಯುತ್ತವೆ ಎಂದು ತಿಳಿಯಬೇಡಿ. ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ ಬಹಳ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಜೆಟ್ ಪ್ರವಾಹವೊಂದು ಬೀಸುತ್ತದೆ. ಇದನ್ನು 1958ರಲ್ಲಿ ವಿವರಿಸಿದವರು ಭಾರತೀಯ ಪವನವಿಜ್ಞಾನಿ ಪಿ. ಕೋಟೇಶ್ವರಂ. ಭೂಮಿಯ ತಿರುಗುವಿಕೆಯೇ ವಿಮಾನವನ್ನು ನೇರವಾಗಿ ಎಳೆದುಕೊಂಡು ಹೋಗುವಂತಿದ್ದರೆ ಋತುವಿನೊಂದಿಗೆ ಗಾಳಿಯ ದಿಕ್ಕು ಹೀಗೆ ಬದಲಾಗುವುದು ಲೆಕ್ಕಕ್ಕೇ ಬರಬಾರದಿತ್ತು.

ದೂರದ ದಾರಿ ಬೇಗ ತಲುಪಿಸಬಹುದೇ?

ಈಗ ಧ್ರುವ ಮಾರ್ಗದ ಗುಟ್ಟು ಬಿಡಿಸಬಹುದು. ಸ್ಯಾನ್ ಫ್ರಾನ್ಸಿಸ್ಕೊದಿಂದ ಪಶ್ಚಿಮಕ್ಕೆ ಬರುವಾಗ ಪೆಸಿಫಿಕ್ ಮೇಲಿನ ಜೆಟ್ ಪ್ರವಾಹ ಎದುರುಗಾಳಿ. ಉತ್ತರಕ್ಕೆ ಸರಿದಷ್ಟೂ ಅದರಿಂದ ದೂರವಾಗಬಹುದು. ಉದಾಹರಣೆಗೆ, 13,990 ಕಿ.ಮೀ. ಮಾರ್ಗದಲ್ಲಿ ಸರಾಸರಿ ಎದುರುಗಾಳಿ ಗಂಟೆಗೆ 50 ಕಿ.ಮೀ., ಧ್ರುವದ ಮೇಲಿನ 14,365 ಕಿ.ಮೀ. ಮಾರ್ಗದಲ್ಲಿ 20 ಕಿ.ಮೀ. ಎಂದು ಭಾವಿಸೋಣ. ಮೊದಲನೆಯದಕ್ಕೆ 13,990 ÷ 840, ಅಂದರೆ 16 ಗಂಟೆ 39 ನಿಮಿಷ. ಎರಡನೆಯದಕ್ಕೆ 14,365 ÷ 870, ಅಂದರೆ 16 ಗಂಟೆ 31 ನಿಮಿಷ. ದೂರದ ದಾರಿಯೇ ಎಂಟು ನಿಮಿಷ ಮೊದಲು ತಲುಪಿಸಿತು! ಬೆಂಗಳೂರಿನಿಂದ ಹೋಗುವಾಗ ಇದರ ವಿರುದ್ಧ ತಂತ್ರ: ದಕ್ಷಿಣಕ್ಕೆ ಸರಿದು ಜೆಟ್ ಪ್ರವಾಹದ ಬೆನ್ನೇರುವುದು ಲಾಭ. 14,900 ಕಿ.ಮೀ. ದಾರಿಯಲ್ಲಿ 80 ಕಿ.ಮೀ. ಹಿಂಗಾಳಿ ಸಿಕ್ಕರೆ 15 ಗಂಟೆ 22 ನಿಮಿಷ ಸಾಕು. ಗಾಳಿಯಿಲ್ಲದ ಕನಿಷ್ಠ ದೂರದ ದಾರಿಗೆ 15 ಗಂಟೆ 43 ನಿಮಿಷ ಬೇಕು. ಆದ್ದರಿಂದಲೇ ಪ್ರತಿ ಹಾರಾಟಕ್ಕೂ ಆ ದಿನದ ಗಾಳಿಯ ಮುನ್ಸೂಚನೆ ನೋಡಿ ದಾರಿ ನಿರ್ಧರಿಸುತ್ತಾರೆ.

ಎಂಟು ನಿಮಿಷಕ್ಕೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೇ? 777-200 ಎಲ್‌ಆರ್ ವಿಮಾನದ ಗರಿಷ್ಠ ಟೇಕಾಫ್ ತೂಕ ಸುಮಾರು 347 ಟನ್. ಅದರ ಟ್ಯಾಂಕುಗಳಲ್ಲಿ ಸುಮಾರು 1,81,000 ಲೀಟರ್ ಇಂಧನ ಹಿಡಿಯುತ್ತದೆ, ತೂಕದಲ್ಲಿ ಸುಮಾರು 145 ಟನ್. ಅಂದರೆ ತುಂಬಿದ ವಿಮಾನದ ತೂಕದ ಶೇಕಡ 40ಕ್ಕೂ ಹೆಚ್ಚು ಭಾಗ ಇಂಧನವೇ. ಹೊರಟ ಮೊದಲ ಗಂಟೆಗಳಲ್ಲಿ ವಿಮಾನವು ಕೊನೆಯ ಗಂಟೆಗಳ ಇಂಧನವನ್ನು ಹೊರಲೆಂದೇ ಇಂಧನ ಸುಡುತ್ತಿರುತ್ತದೆ. ಹೀಗಿರುವಾಗ ಹತ್ತು ನಿಮಿಷದ ಉಳಿತಾಯವೆಂದರೆ ಒಂದು ಟನ್‌ನಷ್ಟು ಇಂಧನದ ಉಳಿತಾಯ.

ನಕ್ಷೆಯ ಮೇಲಿಲ್ಲದ ಅಡೆತಡೆಗಳು

ಗಾಳಿಯಲ್ಲದೆ ಇತರ ಕಾರಣಗಳೂ ದಾರಿಯನ್ನು ಬಾಗಿಸುತ್ತವೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ 4,500 ಮೀಟರಿಗೂ ಹೆಚ್ಚು. ವಿಮಾನದೊಳಗಿನ ವಾಯುಒತ್ತಡ ಕುಸಿದರೆ ಪೈಲಟ್ ತಕ್ಷಣ ಸುಮಾರು 3,000 ಮೀಟರಿಗೆ ಇಳಿಯಬೇಕು, ಪ್ರಯಾಣಿಕರು ಸಹಜವಾಗಿ ಉಸಿರಾಡಲು. ಟಿಬೆಟ್‌ನ ಮೇಲೆ 3,000 ಮೀಟರಿಗೆ ಇಳಿಯುವುದೆಂದರೆ ನೆಲದೊಳಗೆ ಇಳಿಯುವುದು! ಆದ್ದರಿಂದ ವಿಮಾನಗಳು ಸಾಮಾನ್ಯವಾಗಿ ಆ ಪ್ರದೇಶವನ್ನು ಬಳಸಿಕೊಂಡು ಹೋಗುತ್ತವೆ. ಧ್ರುವ ಪ್ರದೇಶದಲ್ಲಿ ಬೇರೆ ಕಷ್ಟಗಳು. ವಿಮಾನ ಇಂಧನದ ಒಂದು ಬಗೆ –40°ಯಲ್ಲಿ, ಇನ್ನೊಂದು ಬಗೆ –47°ಯಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರಬಹುದು. ಕಾಂತ ಧ್ರುವದ ಸಮೀಪ ಕಾಂತ ದಿಕ್ಸೂಚಿಯನ್ನು ನಂಬುವಂತಿಲ್ಲ. ಸೌರ ಬಿರುಗಾಳಿಗಳ ಸಮಯದಲ್ಲಿ ರೇಡಿಯೊ ಸಂಪರ್ಕ ಕಡಿದುಹೋಗಬಹುದು. ತುರ್ತಾಗಿ ಇಳಿಯಲು ಎಲ್ಲೆಲ್ಲಿ ನಿಲ್ದಾಣಗಳಿವೆ ಎಂಬುದನ್ನು ಮೊದಲೇ ಗುರುತಿಸಿಕೊಂಡಿರಬೇಕು.

ಇನ್ನು ದೇಶಗಳ ಗಡಿ. ಬೆಂಗಳೂರು–ಲಂಡನ್ ಮಹಾವೃತ್ತ ಕರಾಚಿಯ ಬಳಿ ಹಾದುಹೋಗುತ್ತದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ, ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಸುತ್ತಿಕೊಂಡು ಹೋಗಬೇಕಾಯಿತು. ನಗರಗಳು ಇದ್ದಲ್ಲಿಯೇ ಇದ್ದವು, ಮಹಾವೃತ್ತವೂ ಬದಲಾಗಲಿಲ್ಲ. ಪ್ರಯಾಣದ ಕಾಲ ಮಾತ್ರ ಹೆಚ್ಚಿತು.

ಕಡೆಯದಾಗಿ ನೆಲದ ಮೇಲಿನ ಹೊತ್ತು. ಬೆಂಗಳೂರು–ದೆಹಲಿ ನಡುವಿನ 1,710 ಕಿ.ಮೀ. ದೂರವನ್ನು 890ರಿಂದ ಭಾಗಿಸಿದರೆ ಒಂದು ಗಂಟೆ 55 ನಿಮಿಷ ಬರುತ್ತದೆ. ಟಿಕೆಟಿನಲ್ಲಿ ನಮೂದಾಗಿರುವುದು ಸುಮಾರು ಎರಡೂಮುಕ್ಕಾಲು ಗಂಟೆ. ರನ್‌ವೇವರೆಗೆ ನೆಲದ ಮೇಲೆ ಸಾಗುವುದು, ಮೇಲೇರುವಾಗ ಮತ್ತು ಇಳಿಯುವಾಗಿನ ಕಡಿಮೆ ಜವ, ಇಳಿಯಲು ಸರದಿ ಕಾಯುವುದು ಎಲ್ಲವೂ ಇದರಲ್ಲಿ ಸೇರಿವೆ. ದೂರ ಕಡಿಮೆಯಿದ್ದಷ್ಟೂ ಈ ಭಾಗದ ಪಾಲು ಹೆಚ್ಚು. ಸ್ಯಾನ್ ಫ್ರಾನ್ಸಿಸ್ಕೊ ಹಾರಾಟದ ಸರಾಸರಿ ಜವ 788 ಕಿ.ಮೀ.ಗೆ ಇಳಿದಿದ್ದರ ಹಿಂದೆ ಎದುರುಗಾಳಿ, ಬಾಗಿದ ದಾರಿ ಮತ್ತು ಈ ನೆಲದ ಹೊತ್ತು ಮೂರೂ ಇವೆ.

ನೀವೇ ಮಾಡಿ ನೋಡಿ

ಲಂಡನ್ನಿನ ಹೀಥ್ರೊ ನಿಲ್ದಾಣವಿರುವುದು 51.47° ಉತ್ತರ, 0.45° ಪಶ್ಚಿಮದಲ್ಲಿ. ಮೇಲಿನ ಸೂತ್ರದಿಂದ ಬೆಂಗಳೂರು–ಲಂಡನ್ ದೂರವನ್ನು ಲೆಕ್ಕ ಹಾಕಿ. ಉತ್ತರ 8,050 ಕಿ.ಮೀ. ಆಸುಪಾಸಿನಲ್ಲಿ ಬಂದರೆ ನಿಮ್ಮ ಲೆಕ್ಕ ಸರಿ. ನಂತರ ವೇಳಾಪಟ್ಟಿಯಲ್ಲಿ ಹೋಗುವ ಮತ್ತು ಬರುವ ಕಾಲಗಳನ್ನು ನೋಡಿ, ಗಡಿಯಾರದ ವ್ಯತ್ಯಾಸವನ್ನು ಸರಿಪಡಿಸಿ, ಯಾವುದು ಹೆಚ್ಚೆಂದು ಗಮನಿಸಿ. ಎರಡರ ವ್ಯತ್ಯಾಸದಿಂದ ಸರಾಸರಿ ಗಾಳಿಯ ಜವವನ್ನು ಅಂದಾಜು ಮಾಡಬಲ್ಲಿರಾ? ಹತ್ತು ಕಿ.ಮೀ. ಎತ್ತರದ ಗಾಳಿಯನ್ನು ಬಲೂನಿಲ್ಲದೆ, ತರಗತಿಯ ಬೆಂಚಿನ ಮೇಲೆ ಕುಳಿತೇ ಅಳೆದಂತಾಯಿತು.

ಮುಂದಿನ ಬಾರಿ ವಿದ್ಯಾರ್ಥಿಯೊಬ್ಬ ಹೆಲಿಕಾಪ್ಟರಿನ ಪ್ರಶ್ನೆಯನ್ನು ಕೇಳಿದಾಗ 'ಅದು ಹಾಗಲ್ಲ, ಕುಳಿತುಕೋ' ಎನ್ನಬೇಡಿ. ಅವನು ಕೇಳಿದ್ದು ದಡ್ಡ ಪ್ರಶ್ನೆಯಲ್ಲ. ಅದರೊಳಗೆ ಸಾಪೇಕ್ಷ ಚಲನೆ, ಜಡತ್ವ, ಕೋನೀಯ ಸಂವೇಗ, ಗೋಳೀಯ ಜ್ಯಾಮಿತಿ ಎಲ್ಲವೂ ಅಡಗಿವೆ. ಅವನ ಕೈಗೆ ಒಂದು ಭೂಗೋಳವನ್ನೂ ಒಂದು ದಾರವನ್ನೂ ಕೊಡಿ.